ಕುಂಡದಲ್ಲಿ ವೀಪಿಂಗ್ ವಿಲ್ಲೋ: ಬೇರು ಬಿಡಿಸುವುದು ಸುಲಭ, ಬಾಗಿಸುವುದೇ ಕೆಲಸ

ಕೆರೆ ದಂಡೆಯಲ್ಲಿ ರೆಂಬೆಗಳನ್ನೆಲ್ಲ ನೀರಿಗೆ ಇಳಿಬಿಟ್ಟುಕೊಂಡು ನಿಂತ ವೀಪಿಂಗ್ ವಿಲ್ಲೋ ನೋಡಿದರೆ ಬೋನ್ಸಾಯ್ ಹುಚ್ಚು ಇರುವವರಿಗೆ ಕೈ ತುರಿಸುತ್ತದೆ. ಇದರದ್ದೊಂದು ಮಾಡಬಹುದಾ? ಮಾಡಬಹುದು. ಆದರೆ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಕುಂಡದಲ್ಲಿ ಈ ಮರ ತಾನಾಗಿ ಚೆಂದವಾಗಿ ಜೋತು ಬೀಳುವುದಿಲ್ಲ. ನೆಲದಲ್ಲಿರುವ ಮರದ ರೆಂಬೆ ಮಾರುದ್ದ ಬೆಳೆದು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕುಂಡದಲ್ಲಿ ಅದನ್ನು ಅಷ್ಟುದ್ದ ಬಿಡೋಕೆ ಆಗಲ್ಲ. ಕತ್ತರಿಸುತ್ತಲೇ ಇರಬೇಕು, ಕತ್ತರಿಸಿದಷ್ಟೂ ಹೊಸ ಚಿಗುರು ನೆಟ್ಟಗೆ ಆಕಾಶ ನೋಡಿಕೊಂಡು ಏಳುತ್ತದೆ, ಆ ಚಿಗುರುಗಳನ್ನೆಲ್ಲ ಪ್ರತಿ ವರ್ಷವೂ ತಂತಿ ಸುತ್ತಿ ಕೆಳಗೆ ಬಾಗಿಸಬೇಕಾದವರು ನೀವೇ. ಇದಕ್ಕೆ ಬೇಸರ ಇಲ್ಲ ಅನ್ನುವವರು ಮುಂದೆ ಓದಿ. ಬೇಸರ ಅನ್ನುವವರಿಗೆ ಆಲ, ಅರಳಿ ಕುಟುಂಬದ ಫೈಕಸ್ ಇದೆ, ಅದು ಏನು ಮಾಡಿದರೂ ಸಹಿಸಿಕೊಳ್ಳುತ್ತದೆ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಹಾಗಾಗಿ ಇಲ್ಲಿ ಹೇಳುವ ತಿಂಗಳುಗಳು ಈ ಕಡೆಯ ಚಳಿಗಾಲಕ್ಕೆ ಹೊಂದುತ್ತವೆ. ಇಂಗ್ಲೆಂಡ್, ಜರ್ಮನಿಯಲ್ಲಿರುವವರು ಕ್ಯಾಲೆಂಡರ್ ನೋಡಬೇಡಿ, ಮೊಗ್ಗು ನೋಡಿ. ಊರಲ್ಲಿರುವವರಿಗೆ ಲೆಕ್ಕವೇ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಯಾವ ವಿಲ್ಲೋ?

ನಿಜವಾದ ವೀಪಿಂಗ್ ವಿಲ್ಲೋ ಅಂದರೆ ಸ್ಯಾಲಿಕ್ಸ್ ಬ್ಯಾಬಿಲೋನಿಕಾ. ತವರು ಚೀನಾದ ಉತ್ತರ ಭಾಗ. ಅಮೆರಿಕ, ಯುರೋಪಿನ ಪಾರ್ಕುಗಳಲ್ಲಿ ಕಾಣುವ, ಹಳದಿ ರೆಂಬೆಗಳ ದೊಡ್ಡ ಮರ ಹೆಚ್ಚಾಗಿ ಇದರ ಮಿಶ್ರತಳಿ, ಕ್ರೈಸೊಕೋಮಾ ಅಂತ ಅದರ ಹೆಸರು. ಬಿಳಿ ವಿಲ್ಲೋ ಜೊತೆ ಬೆರೆತು ಹುಟ್ಟಿದ್ದು, ಚಳಿ ಚೆನ್ನಾಗಿ ತಡೆಯುತ್ತದೆ. ಬೋನ್ಸಾಯ್‌ಗೆ ಎರಡೂ ಆಗುತ್ತವೆ. ಎರಡಕ್ಕೂ ಆರೈಕೆ ಒಂದೇ.

ಗಾರ್ಡನ್ ಸೆಂಟರ್‌ಗಳಲ್ಲಿ ಆಳೆತ್ತರದ ನೆಟ್ಟನೆ ಕೋಲಿನ ಮೇಲೆ ಕೊಡೆ ಬಿಚ್ಚಿದ ಹಾಗಿರುವ ಒಂದು ಗಿಡ ಸಿಗುತ್ತದಲ್ಲ, ಅದು ಕಿಲ್ಮಾರ್ನಾಕ್ ವಿಲ್ಲೋ. ಬೇರೆಯೇ ಜಾತಿ, ಎಲೆ ಅಗಲ. ಬೇರೆ ಗಿಡದ ಕೋಲಿನ ತುದಿಗೆ ಕಸಿ ಮಾಡಿರುತ್ತಾರೆ, ಕಸಿ ಮಾಡಿದ ಜಾಗದಲ್ಲಿ ದಪ್ಪ ಗಂಟು. ಅದನ್ನು ತಂದು ಬೋನ್ಸಾಯ್ ಮಾಡಲು ಹೊರಟರೆ ಆ ಗಂಟನ್ನು ಎಲ್ಲಿ ಬಚ್ಚಿಡುತ್ತೀರಿ? ಬಿಟ್ಟುಬಿಡಿ.

ಇನ್ನೊಂದು ಮಾತು, ಗಾತ್ರದ್ದು. ಅಂಗೈ ಮೇಲೆ ಕೂರುವ ವಿಲ್ಲೋ ಬೋನ್ಸಾಯ್ ಆಸೆ ಇಟ್ಟುಕೊಳ್ಳಬೇಡಿ. ಇದರ ಎಲೆ 8ರಿಂದ 15 ಸೆಂಟಿಮೀಟರ್ ಉದ್ದ. ಕುಂಡದಲ್ಲಿ ಸ್ವಲ್ಪ ಚಿಕ್ಕದಾಗುತ್ತದೆ, ಆದರೆ ಮೇಪಲ್, ಎಲ್ಮ್ ಥರ ಪುಟಾಣಿ ಆಗುವುದಿಲ್ಲ. ಒಂದು ಎಲೆಗೂ ಮುಂದಿನದಕ್ಕೂ ನಡುವಿನ ಅಂತರವೂ ಜಾಸ್ತಿ. ಗೇಣುದ್ದದ ಗಿಡದಲ್ಲಿ ಬೆರಳುದ್ದದ ಎಲೆ ಇದ್ದರೆ ಅದು ಮರದ ಹಾಗೆ ಕಾಣಲ್ಲ. ಕನಿಷ್ಠ ಒಂದೂವರೆ ಅಡಿ, ಸಾಧ್ಯವಾದರೆ ಎರಡರಿಂದ ಮೂರು ಅಡಿ ಎತ್ತರ, ಜೊತೆಗೆ ದಪ್ಪ ಕಾಂಡ. ಇಷ್ಟಿದ್ದರೆ ಮಾತ್ರ ಎಲೆ ಗಾತ್ರಕ್ಕೆ ಸರಿಹೋಗುತ್ತದೆ. ಎತ್ತಿ ಇಡಲು ಇನ್ನೊಬ್ಬರು ಬೇಕಾಗುವ ಗಿಡ ಇದು, ಮನೆಯಲ್ಲಿ ಮೊದಲೇ ಹೇಳಿಟ್ಟಿರಿ.

ಕಡ್ಡಿ ಅಲ್ಲ, ತೋಳು

ಬೇರೆ ಗಿಡಗಳಲ್ಲಿ ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟು ಕಾಂಡ ದಪ್ಪವಾಗಲು ಹತ್ತು ವರ್ಷ ಕಾಯುತ್ತೇವೆ. ವಿಲ್ಲೋದಲ್ಲಿ ಆ ಕಾಯುವಿಕೆ ಬೇಕಿಲ್ಲ. ಮುಂಗೈ ದಪ್ಪದ ಕೊಂಬೆಯನ್ನೇ ಕತ್ತರಿಸಿ ನೆಟ್ಟರೂ ಬೇರು ಬಿಡುತ್ತದೆ. ತೊಗಟೆಯ ಒಳಗೆ ಬೇರಿನ ಮೊಳಕೆಗಳು ಮೊದಲೇ ತಯಾರಾಗಿ ಕೂತಿರುತ್ತವೆ, ತೇವ ತಗಲಿದರೆ ಸಾಕು ಹೊರಗೆ ಬರುತ್ತವೆ. ಬೇರು ಹುಡಿ, ಹಾರ್ಮೋನ್ ಏನೂ ಬೇಡ. ವಿಲ್ಲೋ ಕಡ್ಡಿ ನೆನೆಸಿದ ನೀರನ್ನೇ ಬೇರೆ ಗಿಡಗಳ ಕಡ್ಡಿಗೆ ಬೇರು ಬರಲಿ ಅಂತ ಹಾಕುವವರಿದ್ದಾರೆ.

ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ, ಮೊಗ್ಗು ಉಬ್ಬಿದ್ದರೂ ಇನ್ನೂ ಒಡೆದಿಲ್ಲ ಅನ್ನುವ ಹೊತ್ತಿಗೆ ಕತ್ತರಿಸಿ. 5ರಿಂದ 8 ಸೆಂಟಿಮೀಟರ್ ದಪ್ಪ, ಒಂದೂವರೆ ಎರಡು ಅಡಿ ಉದ್ದ ಇರಲಿ. ನೆಟ್ಟಗಿರುವ ಕಂಬದಂಥ ತುಂಡು ಬೇಡ. ಬಾಗು ಇರುವುದು, ಗಂಟು ಇರುವುದು, ಮಧ್ಯದಲ್ಲಿ ಕವಲೊಡೆದು ಮೇಲಿನ ಭಾಗ ತೆಳ್ಳಗಾದದ್ದು ಸಿಕ್ಕರೆ ಅದೇ ಒಳ್ಳೆಯದು. ಪಾರ್ಕಿನ ಮರಕ್ಕೆ ಗರಗಸ ಹಾಕಬೇಡಿ, ದಂಡ ಬೀಳುತ್ತದೆ. ವಿಲ್ಲೋ ಮರದ ಕಟ್ಟಿಗೆ ಮೆದು, ಗಾಳಿಮಳೆ ಬಂದಾಗಲೆಲ್ಲ ಕೊಂಬೆ ಮುರಿದುಕೊಳ್ಳುತ್ತಿರುತ್ತದೆ. ಬಿರುಗಾಳಿಯ ಮಾರನೇ ದಿನ ವಿಲ್ಲೋ ಇರುವ ಮನೆಯವರನ್ನು ಕೇಳಿದರೆ ಅವರೇ ಸಂತೋಷದಿಂದ ಕೊಡುತ್ತಾರೆ.

ಕತ್ತರಿಸುವಾಗ ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ಮಟ್ಟಸವಾಗಿ ಕೊಯ್ಯಿರಿ. ಯಾವ ಕಡೆ ಬುಡ ಅಂತ ಆಮೇಲೆ ಗೊಂದಲ ಆಗಬಾರದು. ತಲೆಕೆಳಗಾಗಿ ನೆಟ್ಟರೂ ಕೊಂಬೆಗೆ ತನ್ನ ಬುಡ ಯಾವುದು ಅನ್ನುವುದು ಮರೆಯುವುದಿಲ್ಲ. ಮೇಲ್ತುದಿಯ ಗಾಯಕ್ಕೆ ಕಟ್ ಪೇಸ್ಟ್ (ಕೊಯ್ದ ಜಾಗ ಮುಚ್ಚುವ ಲೇಪ) ಹಚ್ಚಿ, ಇಲ್ಲದಿದ್ದರೆ ಅಲ್ಲಿಂದಲೇ ಒಣಗುತ್ತಾ ಬರುತ್ತದೆ.

ಬಕೆಟ್ ನೀರಿನಲ್ಲಿ ಇಟ್ಟರೆ ಎರಡು ಮೂರು ವಾರದಲ್ಲಿ ತೊಗಟೆ ಮೇಲೆ ಬಿಳಿ ಬಿಳಿ ಗುಳ್ಳೆ ಏಳುತ್ತವೆ. ಒಂದೊಂದೂ ಸೀಳಿ ಅದರಿಂದ ಬೇರಿನ ತುದಿ ಇಣುಕುತ್ತದೆ, ಕೆಲವು ಬಿಳಿ, ಕೆಲವು ಗುಲಾಬಿ ಬಣ್ಣ. ನೋಡಲು ಮಜಾ. ಆದರೆ ನೀರಿನಲ್ಲಿ ಬಂದ ಬೇರು ಬಲು ನಾಜೂಕು, ಮಣ್ಣಿಗೆ ಹಾಕುವಾಗ ಅರ್ಧ ಮುರಿಯುತ್ತವೆ. ಮಕ್ಕಳಿಗೆ ತೋರಿಸಬೇಕು ಅಂದರೆ ಒಂದು ಸಣ್ಣ ಕಡ್ಡಿ ನೀರಿಗೆ ಹಾಕಿ. ಬೋನ್ಸಾಯ್‌ಗೆ ಅಂತ ಇಟ್ಟುಕೊಂಡ ತುಂಡನ್ನು ನೇರವಾಗಿ ಅಗಲದ ಪ್ಲಾಸ್ಟಿಕ್ ಬೇಸಿನ್‌ನಲ್ಲಿ, ತಳಕ್ಕೆ ತೂತು ಕೊರೆದು, ನೆಟ್ಟುಬಿಡಿ. ಅಲ್ಲಾಡದ ಹಾಗೆ ತಂತಿಯಲ್ಲಿ ಬಿಗಿಯಿರಿ. ಮೊದಲ ವರ್ಷ ಅದರ ಪಾಡಿಗೆ ಬಿಡಿ, ಎಷ್ಟು ಚಿಗುರು ಬಂದರೂ ಕತ್ತರಿ ಹಾಕಬೇಡಿ.

ಮಣ್ಣಿನಲ್ಲಿ ಮುಳುಗಿದ ಭಾಗದ ಉದ್ದಕ್ಕೂ ಮೇಲೆ ಕೆಳಗೆ ಎಲ್ಲೆಂದರಲ್ಲಿ ಬೇರು ಬಂದಿರುತ್ತವೆ. ಮುಂದಿನ ಮಾರ್ಚ್‌ನಲ್ಲಿ ಗಿಡ ಎತ್ತಿದಾಗ ಒಂದೇ ಮಟ್ಟದಲ್ಲಿ ಸುತ್ತಲೂ ಹರಡಿದ ಬೇರುಗಳು ಎಲ್ಲಿವೆ ನೋಡಿ. ಅವನ್ನು ಉಳಿಸಿ. ಅದರ ಮೇಲಿನವನ್ನು ಸವರಿ ತೆಗೆಯಿರಿ, ಕೆಳಗಿನ ಕಾಂಡವನ್ನು ಗರಗಸದಲ್ಲಿ ಅಡ್ಡಕ್ಕೆ ಕೊಯ್ದುಬಿಡಿ. ಇನ್ನು ಮುಂದೆ ಗಿಡ ಆಳವಿಲ್ಲದ ಕುಂಡದಲ್ಲಿ ಕೂರುತ್ತದೆ, ಬುಡವೂ ಅಗಲವಾಗಿ ಕಾಣುತ್ತದೆ.

ನೀರು, ಮಣ್ಣು, ಗೊಬ್ಬರ

ಬೆಲ್ಜಿಯಂ ಕಡೆಯ ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮೊಂಟ್ ಎನ್ನುವ ವಿಜ್ಞಾನಿ 17ನೇ ಶತಮಾನದಲ್ಲಿ ಒಂದು ವಿಲ್ಲೋ ಗಿಡವನ್ನು ಕುಂಡದಲ್ಲೇ ಬೆಳೆಸಿದ್ದ. 200 ಪೌಂಡ್ ಒಣ ಮಣ್ಣು, 5 ಪೌಂಡ್ ತೂಕದ ಗಿಡ, ಬರೀ ನೀರು. ಐದು ವರ್ಷದ ನಂತರ ಗಿಡ ತೂಗಿದರೆ 169 ಪೌಂಡ್. ಮಣ್ಣಿನಲ್ಲಿ ಕಡಿಮೆಯಾದದ್ದು 2 ಔನ್ಸ್ ಅಷ್ಟೇ. ಮರ ಪೂರ್ತಿ ನೀರಿನಿಂದಲೇ ಆಗಿದೆ ಅಂತ ಅವನು ತೀರ್ಮಾನಿಸಿದ. ಅದು ತಪ್ಪು, ಗಾಳಿಯ ಇಂಗಾಲದ ಪಾಲನ್ನು ಅವನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಆದರೆ ಆ ಪ್ರಯೋಗಕ್ಕೆ ವಿಲ್ಲೋ ಸಿಕ್ಕಿದ್ದು ಅವನ ಅದೃಷ್ಟ, ಬರೀ ನೀರು ಕುಡಿದು ಈ ಪಾಟಿ ಉಬ್ಬುವ ಮರಗಳು ಕಡಿಮೆ.

ಬೋನ್ಸಾಯ್‌ನಲ್ಲಿ ಕುಂಡದ ಕೆಳಗೆ ನೀರಿನ ತಟ್ಟೆ ಇಡಬೇಡಿ, ಬೇರು ಕೊಳೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬಹುತೇಕ ಗಿಡಗಳಿಗೆ ಸರಿಯಾದ ಮಾತು. ವಿಲ್ಲೋಗೆ ಅನ್ವಯಿಸುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ದಿನಕ್ಕೆ ಎರಡು ಸಲ, ಬಿಸಿಲು ಜೋರಾದರೆ ಮೂರು ಸಲ ನೀರು ಹಾಕಬೇಕಾಗುತ್ತದೆ. ಕೆಲಸಕ್ಕೆ ಹೋಗುವವರಿಗೆ ಇದು ಆಗದ ಮಾತು, ಹಾಗಾಗಿ ಬೇಸಿಗೆಯ ಆ ಎರಡು ತಿಂಗಳು ಕುಂಡವನ್ನು ಒಂದಿಂಚು ನೀರಿರುವ ತಟ್ಟೆಯಲ್ಲಿ ನಿಲ್ಲಿಸಿಬಿಡಿ. ಎರಡು ದಿನಕ್ಕೊಮ್ಮೆ ತಟ್ಟೆ ತೊಳೆದು ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ. ಒಂದೇ ಒಂದು ಮಧ್ಯಾಹ್ನ ಪೂರ್ತಿ ಒಣಗಿದರೂ ಎಲೆಯ ಅಂಚು ಕಂದಾಗುತ್ತದೆ, ಸಣ್ಣ ರೆಂಬೆಗಳು ಕೈಬಿಟ್ಟ ಹಾಗೆಯೇ. ಸೆಪ್ಟೆಂಬರ್ ಆದ ಮೇಲೆ ತಟ್ಟೆ ತೆಗೆಯಿರಿ.

ಮಣ್ಣಿನ ವಿಷಯಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಅಕಡಾಮಾ (ಜಪಾನಿನ ಹರಳು ಹರಳಾದ ಜೇಡಿಮಣ್ಣು) ಅರ್ಧ, ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲಿನ ಚೂರು) ಕಾಲು, ಉಳಿದದ್ದು ಕಾಂಪೋಸ್ಟ್ ಅಥವಾ ಕೊಕೊಪೀಟ್. ಅಕಡಾಮಾ ದುಬಾರಿ ಅನ್ನಿಸಿದರೆ ಬೇಯಿಸಿದ ಜೇಡಿಮಣ್ಣಿನ ಹರಳು ಸಾಕು. ನೀರು ಹಿಡಿಯಬೇಕು, ಆದರೆ ಕೆಸರಾಗಬಾರದು.

ಎಲೆ ಬಿಡಿಸಿಕೊಂಡ ಮೇಲಿನಿಂದ ಆಗಸ್ಟ್ ಮಧ್ಯದವರೆಗೆ ಎರಡು ವಾರಕ್ಕೊಮ್ಮೆ ದ್ರವ ಗೊಬ್ಬರ ಕೊಡಿ. ಆಮೇಲೆ ಸಾರಜನಕ ನಿಲ್ಲಿಸಿ, ಇಲ್ಲದಿದ್ದರೆ ಚಳಿ ಬರುವ ಹೊತ್ತಿಗೆ ಎಳೆ ಚಿಗುರು ಇರುತ್ತದೆ, ಮೊದಲ ಮಂಜಿಗೇ ಹೋಗುತ್ತದೆ. ಗಿಡ ಯಾವಾಗಲೂ ಹೊರಗೇ ಇರಬೇಕು, ಪೂರ್ತಿ ಬಿಸಿಲಿನಲ್ಲಿ. ಟೀವಿ ಪಕ್ಕದಲ್ಲಿ ಇಡುವ ಗಿಡ ಇದಲ್ಲ.

ತಂತಿ

ಇಲ್ಲಿಗೆ ಬಂದರೆ ಅಸಲಿ ಕೆಲಸ ಶುರು.

ಎರಡನೇ ವರ್ಷ ಯಾವ ಚಿಗುರು ಕೊಂಬೆಯಾಗಿ ಉಳಿಯಬೇಕು ಅಂತ ಆರಿಸಿಕೊಳ್ಳಿ. ಕಾಂಡದ ಮೇಲಿನ ಅರ್ಧದಲ್ಲಿ ಆರೇಳು ಸಾಕು. ಕೆಳಗಿನ ಅರ್ಧ ಖಾಲಿ ಬಿಡಿ, ಜೋತುಬಿದ್ದ ರೆಂಬೆಗಳು ಆ ಜಾಗವನ್ನು ತುಂಬುತ್ತವೆ. ಒಂದೇ ಜಾಗದಿಂದ ಗೊಂಚಲಾಗಿ ಹತ್ತು ಚಿಗುರು ಬರುವುದು ವಿಲ್ಲೋದ ಚಾಳಿ. ಮೊಗ್ಗಿರುವಾಗಲೇ ಹೆಬ್ಬೆರಳಲ್ಲಿ ಉಜ್ಜಿ ತೆಗೆದರೆ ಗಾಯ ಇರುವುದಿಲ್ಲ. ಕೆಳಮುಖವಾಗಿ ಬಂದವನ್ನೂ ತೆಗೆಯಿರಿ.

ತಂತಿ ಹಾಕುವ ಸಮಯ ಜೂನ್. ಚಿಗುರು ಒಂದಡಿ ಬೆಳೆದು, ಬುಡ ಹಸಿರಿನಿಂದ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಗಟ್ಟಿ ಅನ್ನಿಸಬೇಕು. ಅದಕ್ಕೂ ಮೊದಲು ಹಾಕಿದರೆ ಚಿಗುರು ಜಜ್ಜಿಹೋಗುತ್ತದೆ. ಅಲ್ಯೂಮಿನಿಯಂ ತಂತಿ ಸಾಕು, 1.5ರಿಂದ 2.5 ಮಿಲಿಮೀಟರ್. ರೆಂಬೆಯ ದಪ್ಪದ ಮೂರನೇ ಒಂದು ಭಾಗ ಅಂತ ಲೆಕ್ಕ.

ವಿಲ್ಲೋ ರೆಂಬೆ ಬಳ್ಳಿಯ ಥರ ಬಾಗುತ್ತದೆ ಅಂದುಕೊಂಡೇ ಎಲ್ಲರೂ ಕೈ ಹಾಕುತ್ತಾರೆ. ಮಧ್ಯದಲ್ಲಿ ಬಾಗುತ್ತದೆ, ನಿಜ. ಬುಡದಲ್ಲಿ, ಹಳೆ ಕಟ್ಟಿಗೆಗೆ ಅಂಟಿಕೊಂಡ ಜಾಗದಲ್ಲಿ ಮಾತ್ರ ಬಾಗುವುದಿಲ್ಲ. ಅಲ್ಲಿ ಇನ್ನೂ ಸರಿಯಾದ ಹಿಡಿತ ಬಂದಿರುವುದಿಲ್ಲ, ಸ್ವಲ್ಪ ಕೆಳಗೆ ಒತ್ತಿದರೆ ಟಪ್ ಅಂತ ಬುಡಸಮೇತ ಕಿತ್ತು ಕೈಗೆ ಬರುತ್ತದೆ. ಅದಕ್ಕೆ ಎರಡು ಉಪಾಯ. ಒಂದು, ತಂತಿ ಹಾಕುವ ದಿನ ಬೆಳಿಗ್ಗೆ ನೀರು ಹಾಕಬೇಡಿ. ನೀರು ತುಂಬಿಕೊಂಡ ಚಿಗುರು ಬಿರುಸಾಗಿರುತ್ತದೆ, ಸ್ವಲ್ಪ ಬಾಯಾರಿದ್ದು ಮಾತು ಕೇಳುತ್ತದೆ. ತಂತಿ ಹಾಕಿ ಮುಗಿಸಿದ ತಕ್ಷಣ ನೀರು ಕೊಡಿ. ಎರಡು, ಬಾಗಿಸುವಾಗ ಎಡಗೈ ಹೆಬ್ಬೆರಳನ್ನು ಆ ಸಂದಿಯ ಕೆಳಗೆ ಒತ್ತಿ ಹಿಡಿದು, ಬಾಗು ಅಲ್ಲಿಂದ ಒಂದೆರಡು ಸೆಂಟಿಮೀಟರ್ ಆಚೆ ಶುರುವಾಗುವ ಹಾಗೆ ನೋಡಿಕೊಳ್ಳಿ.

ಆಕಾರವೂ ಆ ಜಾಗದಲ್ಲೇ ನಿರ್ಧಾರವಾಗುತ್ತದೆ. ಕಾಂಡದಿಂದಲೇ ನೇರ ಕೆಳಗೆ ಬಾಗಿಸಿದರೆ ಗಿಡ ಬಾಡಿದ ಹಾಗೆ ಕಾಣುತ್ತದೆ. ದೊಡ್ಡ ಮರ ನೋಡಿ, ಕೊಂಬೆ ಮೊದಲು ಮೇಲಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. ಬಾಳೆ ಎಲೆಯ ದಂಟು ಹೇಗೆ ಎದ್ದು ಬಾಗುತ್ತದೋ ಹಾಗೆ. ಎರಡು ಮೂರು ಸೆಂಟಿಮೀಟರ್ ಏರು, ಚಿಕ್ಕ ಕಮಾನು, ಅಲ್ಲಿಂದ ಸೀದಾ ಕೆಳಕ್ಕೆ. ಇಳಿದ ಭಾಗದಲ್ಲಿ ಹಾವಿನಂತೆ ಅಂಕುಡೊಂಕು ಮಾಡಬೇಡಿ, ಅದು ಪೈನ್ ಗಿಡದ ಅಲಂಕಾರ, ಇಲ್ಲಿ ಹೊಂದುವುದಿಲ್ಲ. ಕಮಾನಿನ ಆಚೆ ತಂತಿಯೇ ಬೇಕಿಲ್ಲ, ತುದಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿದರೆ ಆ ಭಾರಕ್ಕೆ ಇಳಿದುಕೊಂಡಿರುತ್ತದೆ. ಒಂದು ತಿಂಗಳು ಗಿಡ ಬಟ್ಟೆ ಒಣಹಾಕಿದ ಹಾಗೆ ಕಾಣುತ್ತದೆ, ಪರವಾಗಿಲ್ಲ. ರೆಂಬೆಗಳೆಲ್ಲ ಒಂದೇ ಮಟ್ಟಕ್ಕೆ ಬಂದು ನಿಂತರೆ ಚೆನ್ನಾಗಿರುವುದಿಲ್ಲ. ಕೆಲವು ಕುಂಡದ ಅಂಚಿನವರೆಗೆ ಇಳಿಯಲಿ, ಕೆಲವು ಅರ್ಧಕ್ಕೇ ನಿಲ್ಲಲಿ. ಎದುರಿನಿಂದ ನೋಡಿದಾಗ ಕಾಂಡ ಒಂದಿಷ್ಟು ಕಾಣಬೇಕು.

ಹಾಕಿದ ತಂತಿ ಮರೆಯಬೇಡಿ. ವಿಲ್ಲೋ ಎಷ್ಟು ಬೇಗ ದಪ್ಪವಾಗುತ್ತದೆ ಅಂದರೆ ಮೂರನೇ ವಾರಕ್ಕೇ ತಂತಿ ತೊಗಟೆಗೆ ಒತ್ತಲು ಶುರುಮಾಡುತ್ತದೆ. ಆಗಿನಿಂದ ದಿನಾ ಒಂದು ಕಣ್ಣಿಡಿ. ನಾಲ್ಕರಿಂದ ಆರು ವಾರದೊಳಗೆ ತೆಗೆಯಬೇಕು, ಅದೂ ಕಟರ್‌ನಲ್ಲಿ ತುಂಡು ತುಂಡಾಗಿ ಕತ್ತರಿಸಿ. ತಂತಿ ಉಳಿಸೋಣ ಅಂತ ಬಿಚ್ಚಲು ಹೋದರೆ ರೆಂಬೆ ಹೋಗುತ್ತದೆ. ತೆಗೆದ ಮೇಲೆ ಮತ್ತೆ ಎದ್ದರೆ ಇನ್ನೊಮ್ಮೆ ಹಾಕಿ.

ಪ್ರತಿ ವರ್ಷದ ಕತ್ತರಿ

ಇಷ್ಟು ಕಷ್ಟಪಟ್ಟು ಇಳಿಬಿಟ್ಟ ರೆಂಬೆಗಳನ್ನು ಮುಂದಿನ ಫೆಬ್ರವರಿ ಕೊನೆಯಲ್ಲಿ ಕತ್ತರಿಸಿಬಿಡಬೇಕು. ಕೇಳಿದರೆ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಕಳೆದ ವರ್ಷದ ಉದ್ದ ರೆಂಬೆಯನ್ನು ಹಾಗೇ ಬಿಟ್ಟರೆ ಹೊಸ ಎಲೆಗಳೆಲ್ಲ ತುದಿಗೆ ಹೋಗುತ್ತವೆ, ಒಳಗೆ ಬೋಳಾಗುತ್ತದೆ, ನೆರಳಿಗೆ ಸಿಕ್ಕ ಒಳಗಿನ ರೆಂಬೆಗಳು ಒಣಗುತ್ತವೆ. ಕಮಾನಿನ ನೆತ್ತಿಯಲ್ಲಿ ಒಂದೋ ಎರಡೋ ಮೊಗ್ಗು ಉಳಿಸಿ ಮಿಕ್ಕಿದ್ದು ತೆಗೆಯಿರಿ. ಮೇಲ್ಮುಖ ಮೊಗ್ಗೇ ಇರಲಿ, ಅದು ಎದ್ದು ಬಾಗಬೇಕಲ್ವಾ. ಹೀಗೆ ಪ್ರತಿ ಬೇಸಿಗೆಯಲ್ಲಿ ಕಾಣುವ ಇಳಿಬಿದ್ದ ರೆಂಬೆಗಳೆಲ್ಲ ಆ ವರ್ಷದ್ದೇ ಹೊಸ ಬೆಳವಣಿಗೆ. ಉಳಿಯುವುದು ಕಾಂಡ ಮತ್ತು ಕೊಂಬೆಯ ಮೊದಲ ಗೇಣು ಮಾತ್ರ, ವರ್ಷ ಹೋದ ಹಾಗೆ ಅವು ಗಂಟುಗಂಟಾಗಿ ಹಳತಾಗುತ್ತವೆ.

ಕತ್ತರಿ ಹಾಕಿದ ಆಸುಪಾಸಿನಲ್ಲೇ ಕುಂಡವನ್ನೂ ಬದಲಿಸಿ. ಬೇರೆ ಬೋನ್ಸಾಯ್‌ಗೆ ಎರಡು ಮೂರು ವರ್ಷಕ್ಕೊಮ್ಮೆ ಸಾಕು, ಇದಕ್ಕೆ ಪ್ರತಿ ವರ್ಷ. ಒಂದೇ ಬೇಸಿಗೆಯಲ್ಲಿ ಬೇರು ಕುಂಡ ತುಂಬಿ, ಗಿಡವನ್ನೇ ಮೇಲಕ್ಕೆ ದೂಡುತ್ತದೆ. ಬೇರಿನ ಅರ್ಧದಷ್ಟು ಧೈರ್ಯವಾಗಿ ಕತ್ತರಿಸಿ. ಎಳೆಯ ಗಿಡಕ್ಕಂತೂ ಏನೂ ಆಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಚೆನ್ನಾಗಿದ್ದ ಕೊಂಬೆ ಕಾರಣವೇ ಇಲ್ಲದೆ ಒಣಗಬಹುದು. ವಿಲ್ಲೋ ಸಾಕುವವರಿಗೆಲ್ಲ ಗೊತ್ತಿರುವ ತಲೆನೋವು ಇದು. ಅದಕ್ಕೇ ಮುಖ್ಯ ಕೊಂಬೆಗಳ ಹತ್ತಿರ ಒಂದೊಂದು ಬದಲಿ ಚಿಗುರು ಉಳಿಸಿಕೊಳ್ಳುವುದು ಒಳ್ಳೆಯದು. ಹಳೆ ಕಾಂಡದಿಂದಲೂ ಹೊಸ ಮೊಗ್ಗು ಒಡೆಯುವ ಮರ ಇದು, ಮೂರು ವರ್ಷದ ಕೊಂಬೆ ಹೋದರೆ ಎರಡು ಬೇಸಿಗೆಯಲ್ಲಿ ಇನ್ನೊಂದು ತಯಾರು. ದೊಡ್ಡ ಗಾಯ ಮಾತ್ರ ಬೇಗ ಮುಚ್ಚುವುದಿಲ್ಲ, ಒಳಗಿನ ಕಟ್ಟಿಗೆ ಕೊಳೆಯುತ್ತದೆ. ಕೊಳೆತದ್ದನ್ನು ಕೆರೆದು ಪೊಟರೆ ಮಾಡಿಬಿಡಿ, ಹಳೆಯ ವಿಲ್ಲೋಗಳಲ್ಲಿ ಪೊಟರೆ ಮಾಮೂಲಿ, ನೋಡಲೂ ಲಕ್ಷಣ.

ಹುಳದ ವಿಷಯ ಚುಟುಕಾಗಿ. ಎಳೆ ಚಿಗುರಿಗೆ ಹೇನು ಬರುತ್ತವೆ, ಪೈಪಿನ ನೀರಿನಲ್ಲಿ ಜೋರಾಗಿ ಹೊಡೆದರೆ ಉದುರುತ್ತವೆ. ಬೇಸಿಗೆ ಮುಗಿಯುವ ಹೊತ್ತಿಗೆ ತೊಗಟೆ ಮೇಲೆ ಸಾಲಾಗಿ ಕೂರುವ ದೊಡ್ಡ ಬೂದು ಬಣ್ಣದ ಹೇನುಗಳಿವೆ, ಬೆನ್ನಿನ ಮೇಲೆ ಮುಳ್ಳಿನಂಥ ಗುಬುಟು, ಹಿಸುಕಿದರೆ ಕೈ ಕೆಂಪಾಗುತ್ತದೆ. ಸೋಪು ನೀರು ಸಾಕು. ಎಲೆ ಅಡಿಯಲ್ಲಿ ಕಿತ್ತಳೆ ಪುಡಿ ಕಂಡರೆ ತುಕ್ಕು ರೋಗ, ಆ ಎಲೆ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟ್‌ಗೆ ಬೇಡ.

ಚಳಿಗಾಲದಲ್ಲಿ ಮರಕ್ಕೆ ಭಯವಿಲ್ಲ, ಬೇರಿಗಿದೆ. ನೆಲದ ಬೇರನ್ನು ಭೂಮಿ ಕಾಯುತ್ತದೆ, ಕುಂಡದ ಬೇರಿಗೆ ಸುತ್ತಲಿಂದ ಹಿಮ ತಾಗುತ್ತದೆ. ಎಲೆ ಉದುರಿದ ಮೇಲೆ ಕುಂಡವನ್ನು ಅಂಚಿನವರೆಗೆ ತೋಟದ ಮಣ್ಣಿನಲ್ಲಿ ಹೂತು ಮೇಲೆ ಒಣ ಎಲೆ ಹರಡಿ. ತೋಟ ಇಲ್ಲದವರು ಹೀಟರ್ ಇಲ್ಲದ ಗ್ಯಾರೇಜಿನಲ್ಲಿ ಇಡಿ. ಎಲೆ ಇಲ್ಲದ ಗಿಡಕ್ಕೆ ಬೆಳಕು ಬೇಡ, ಆದರೆ ಮಣ್ಣು ಒಣಗಬಾರದು.

ಆಸ್ಟ್ರೇಲಿಯಾದಲ್ಲಿರುವವರು ಗಮನಿಸಿ. ಅಲ್ಲಿ ವಿಲ್ಲೋ ಜಾತಿಗಳು ಹೊಳೆಗಳನ್ನು ಆಕ್ರಮಿಸಿ ರಾಷ್ಟ್ರಮಟ್ಟದ ಕಳೆಗಳ ಪಟ್ಟಿ ಸೇರಿವೆ. ವೀಪಿಂಗ್ ವಿಲ್ಲೋಗೆ ಆ ಪಟ್ಟಿಯಿಂದ ವಿನಾಯಿತಿ ಇದೆ, ಆದರೂ ನಿಮ್ಮ ರಾಜ್ಯದ ನಿಯಮ ನೋಡಿಕೊಂಡು ಕಡ್ಡಿ ಮುಟ್ಟಿ.

ಊರಲ್ಲಿರುವವರಿಗೆ

ಬೆಂಗಳೂರಿನಲ್ಲಿ ಆಗುತ್ತಾ ಅಂತ ಕೇಳುವವರು ಬಹಳ. ಬದುಕುತ್ತದೆ, ಆದರೆ ಖುಷಿಯಾಗಿ ಇರುವುದಿಲ್ಲ. ಈ ಮರಕ್ಕೆ ಎಲೆ ಉದುರಿಸಿ ಮಲಗುವ ಚಳಿಗಾಲ ಬೇಕು. ಬೆಂಗಳೂರಿನ ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸು, ಅದು ಇದಕ್ಕೆ ಚಳಿಯೇ ಅಲ್ಲ. ಅರ್ಧ ಎಲೆ ಉದುರಿಸಿ, ಅರ್ಧ ಇಟ್ಟುಕೊಂಡು, ಕಾದ ಕಾಂಕ್ರೀಟ್ ತಾರಸಿಯ ಮೇಲೆ ಏಪ್ರಿಲ್ ಕಳೆಯುವುದು ಅದಕ್ಕೆ ಶಿಕ್ಷೆ. ಊಟಿ, ಕೊಡೈಕನಾಲ್‌ನಂಥ ಎತ್ತರದ ಊರಾದರೆ ಪರವಾಗಿಲ್ಲ. ಬೆಂಗಳೂರಲ್ಲೇ ಮಾಡುತ್ತೇನೆ ಅನ್ನುವವರು ಮಧ್ಯಾಹ್ನದ ಬಿಸಿಲು ತಪ್ಪಿಸಿ, ಕುಂಡ ನೆಲದ ಕಾವಿಗೆ ತಾಗದ ಹಾಗೆ ಎತ್ತರದಲ್ಲಿಡಿ. ತಟ್ಟೆಯಲ್ಲಿ ಬರೀ ನೀರು ನಿಲ್ಲಿಸುವ ಬದಲು ಮರಳು ತುಂಬಿ ಅದನ್ನು ಒದ್ದೆ ಇಡಿ, ಡೆಂಗ್ಯೂ ಸೊಳ್ಳೆಗೆ ಜಾಗ ಸಿಗಬಾರದು. ಇಲ್ಲಿಂದ ಸೂಟ್‌ಕೇಸಿನಲ್ಲಿ ಕಡ್ಡಿ ತಗೊಂಡು ಬಾ ಅಂತ ನೆಂಟರಿಗೆ ಹೇಳಬೇಡಿ. ಪರವಾನಗಿ ಮತ್ತು ಗಿಡದ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಸಸ್ಯ ತರುವುದು ಕಾನೂನು ಪ್ರಕಾರ ತಪ್ಪು.

ನಿಮಗೆ ಬೇಕಿರುವುದು ಜೋತುಬಿದ್ದ ಆ ರೂಪವೇ ಆದರೆ ವಿಲ್ಲೋನೇ ಆಗಬೇಕು ಅಂತೇನಿಲ್ಲ. ಚೀನಾದಲ್ಲಿ ಪೆಂಜಿಂಗ್ (ಬೋನ್ಸಾಯ್‌ನಂಥದ್ದೇ ಅಲ್ಲಿನ ಕುಂಡದ ಮರದ ಕಲೆ) ಮಾಡುವವರೇ ಎಷ್ಟೋ ಸಲ ಟ್ಯಾಮರಿಸ್ಕ್ ಗಿಡಕ್ಕೆ ತಂತಿ ಹಾಕಿ ವಿಲ್ಲೋ ಥರ ಇಳಿಬಿಡುತ್ತಾರೆ, ಅದರ ಎಲೆ ಸಣ್ಣದು ಅನ್ನುವ ಕಾರಣಕ್ಕೆ. ಬೆಂಗಳೂರಿನಲ್ಲಿ ಇಳಿಬೀಳುವ ಬಾಟಲ್ ಬ್ರಷ್ ಸುಲಭವಾಗಿ ಸಿಗುತ್ತದೆ, ಬಿಸಿಲಿಗೆ ಹೆದರುವುದಿಲ್ಲ, ಮೇಲೆ ಕೆಂಪು ಹೂ ಬೇರೆ.

ನಮ್ಮದೇ ವಿಲ್ಲೋ ಕೂಡ ಇದೆ, ನೀರವಂಜಿ. ಮಲೆನಾಡಿನ ಹೊಳೆ ಬದಿಯಲ್ಲಿ ಕಾಲು ನೀರಲ್ಲಿಟ್ಟುಕೊಂಡು ಬೆಳೆಯುವ ಮರ. ಎಲೆ ಸ್ವಲ್ಪ ಅಗಲ, ತಾನಾಗಿ ಅಷ್ಟು ಜೋತು ಬೀಳುವುದಿಲ್ಲ. ಆದರೆ ಬಾಗಿಸುವ ಕೆಲಸ ಹೇಗೂ ತಂತಿಯದ್ದೇ ತಾನೇ, ನಮ್ಮ ಸೆಕೆಯೂ ಅದಕ್ಕೆ ಹೊಸದಲ್ಲ. ಎಲೆ ಉದುರಿ ಹೊಸ ಚಿಗುರು ಬರುವ ಮುಂಚೆ, ತೋಟದವರನ್ನು ಕೇಳಿಕೊಂಡು ಒಂದು ದಪ್ಪ ಕೊಂಬೆ ತನ್ನಿ. ಕೆಂಪು ಮಣ್ಣು, ಜರಡಿ ಹಿಡಿದ ಇಟ್ಟಿಗೆ ಚೂರು, ಹಳೆ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ ನೆಡಿ. ಬೇರು ಹಿಡಿದ ಮೇಲೆ ತಿಂಗಳಿಗೊಮ್ಮೆ ಒಂದು ಹಿಡಿ ಹೊಂಗೆ ಹಿಂಡಿ ಹಾಕಿ. ತಂತಿ, ಕತ್ತರಿ, ಬೇರಿನ ಕೆಲಸ ಎಲ್ಲ ಮೇಲೆ ಹೇಳಿದ ಹಾಗೆಯೇ. ಬೆಳವಣಿಗೆ ಇನ್ನೂ ಜೋರಿರುವುದರಿಂದ ತಂತಿಯನ್ನು ಮಾತ್ರ ಎರಡನೇ ವಾರದಿಂದಲೇ ನೋಡಲು ಶುರುಮಾಡಿ.